ನೋಟಿನ ಗೆರೆ, ರೌಜಾದ ಚಿತ್ರ

ತಮ್ಮ ಜೇಬಿನಲ್ಲಿ ನೂರು ರೂಪಾಯಿಯ ನೋಟಿದ್ದರೆ ಹೊರತೆಗೆದು ಗಾಂಧೀಜಿಯವರ ಚಿತ್ರದ ಮೇಲೆ ಬೆರಳಾಡಿಸಿರಿ. ಗೆರೆಗಳು ಉಬ್ಬಾಗಿ ಬೆರಳಿಗೆ ತಗಲುತ್ತವೆ. ಲೋಹದ ತಗಡಿನಲ್ಲಿ ಗೆರೆ ಕೊರೆದು, ಅದರೊಳಗೆ ಶಾಯಿ ತುಂಬಿ, ಕಾಗದವನ್ನು ಬಲವಾಗಿ ಒತ್ತಿ ತೆಗೆಯುವ ಮುದ್ರಣವಿದು. ಮೈಸೂರಿನ ಮುದ್ರಣಾಲಯದಲ್ಲಿ 1996ರಿಂದ ನೋಟುಗಳು ಅಚ್ಚಾಗುತ್ತಿವೆ.

ಇದೇ ವಿದ್ಯೆಗೂ ನಮ್ಮ ಬಿಜಾಪುರಕ್ಕೂ ಹಳೆಯ ನಂಟು ಉಂಟು. ಮೊದಲು ಚಿತ್ರಗಳನ್ನು ತಾಮ್ರದ ತಗಡಿನಲ್ಲಿ ಕೊರೆಯುತ್ತಿದ್ದರು. ತಾಮ್ರ ಮೆದು, ಕೆಲವು ಸಾವಿರ ಪ್ರತಿ ತೆಗೆಯುವಷ್ಟರಲ್ಲಿ ಗೆರೆ ಸವೆಯುತ್ತಿತ್ತು. ಲಕ್ಷಗಟ್ಟಲೆ ನೋಟಿಗೆ ಇದು ಸಾಲದು. ಅಮೆರಿಕದ ಜೇಕಬ್ ಪರ್ಕಿನ್ಸ್ ನೋಟುಗಳಿಗಾಗಿ ಉಕ್ಕಿನ ತಗಡನ್ನು ಬಳಕೆಗೆ ತಂದನು. 1819ರಲ್ಲಿ ಅವನು ಲಂಡನ್ನಿಗೆ ಬಂದ ಮೇಲೆ ಚಾರ್ಲ್ಸ್ ಹೀತ್ ಎಂಬ ಕೆತ್ತನೆಗಾರ ಅವನ ಜೊತೆಗೂಡಿದನು. ನೋಟಿಗಾಗಿ ಹುಟ್ಟಿದ ಉಕ್ಕಿನ ತಗಡು ಹೀಗೆ ಪುಸ್ತಕದ ಚಿತ್ರಗಳಿಗೂ ಬಂತು. ಬ್ರಿಟಿಷ್ ನೌಕಾಪಡೆಯ ರಾಬರ್ಟ್ ಎಲಿಯಟ್ ಬರೆದುಕೊಂಡ ರೇಖಾಚಿತ್ರಗಳ ಪುಸ್ತಕ 1830ರಿಂದ 1833ರ ನಡುವೆ ಲಂಡನ್ನಿನಲ್ಲಿ ಹೊರಬಂದಾಗ ಇಬ್ರಾಹಿಂ ರೌಜಾ, ತಾಜ್ ಬಾವಡಿಗಳು ಉಕ್ಕಿನ ಗೆರೆಗಳಲ್ಲಿ ಮೂಡಿದವು.

ಇಂಥ ಪುಸ್ತಕಗಳನ್ನು ಬಿಚ್ಚಿ ಹಾಳೆ ಹಾಳೆಯಾಗಿ ಮಾರಿದವರಿಂದಲೇ ಸಂಗ್ರಹಕಾರರ ಗೋಡೆಗಳು ತುಂಬಿವೆ. ನೋಟು ಕೊರೆಯುವವರಿಗೂ ಹಳೆಯ ಕೆತ್ತನೆಚಿತ್ರಗಳೇ ಪಾಠದ ಹಲಗೆ: ಗೆರೆ ಎಲ್ಲಿ ದಪ್ಪ, ಎಲ್ಲಿ ತೆಳು, ನೆರಳು ಹೇಗೆ ಬೀಳಬೇಕು ಎಂಬುದನ್ನು ಅವುಗಳಿಂದ ಕಲಿಯುತ್ತಿದ್ದರು.

ಆದರೆ ನನ್ನ ತಕರಾರು ಬೇರೆ. ಎಲಿಯಟ್ಟನ ರೇಖಾಚಿತ್ರಗಳನ್ನು ಸ್ಯಾಮ್ಯುಯೆಲ್ ಪ್ರೌಟ್ ಮೊದಲಾದವರು ಮತ್ತೆ ಬರೆದರು. ಪ್ರೌಟ್ ಹಿಂದೂಸ್ತಾನಕ್ಕೆ ಬಂದವನೇ ಅಲ್ಲ. ಅದನ್ನು ಮೂರನೆಯವನು ಉಕ್ಕಿನಲ್ಲಿ ಕೊರೆದನು. ಮೂರು ಕೈ ದಾಟಿ ಬಂದ ಗುಮ್ಮಟವನ್ನು ನಾವು ಕಣ್ಣಾರೆ ಕಂಡವನ ಸಾಕ್ಷಿಯೆಂದು ಪಾಠದಲ್ಲಿ ತೋರಿಸುವುದು ಸರಿಯೆ? ಟಿಪ್ಪು ಸುಲ್ತಾನರ ವಿಷಯದಲ್ಲಂತೂ ಇದು ಇನ್ನೂ ನಾಜೂಕು. 1799ರ ಅವರ ಕೊನೆಯ ಹೋರಾಟವನ್ನು ಚಿತ್ರಿಸಿದ ಹೆನ್ರಿ ಸಿಂಗಲ್ಟನ್ ಲಂಡನ್ನಿನಲ್ಲಿ ಕುಳಿತವನು. ರಾಬರ್ಟ್ ಹೋಮ್ ಹಾಗಲ್ಲ, ಕಾರ್ನ್‌ವಾಲಿಸನ ಸೈನ್ಯದೊಂದಿಗೆ ಮೈಸೂರು ಸೀಮೆಗೆ ಬಂದಿದ್ದನು. ಅವನ ಪುಸ್ತಕ 1794ರದು. ಅವನೂ ಗೆದ್ದವರ ಕಡೆಯವನೇ, ಆದರೂ ಕಂಡವನು.

ನವಲಗುಂದದ ಜಮಖಾನೆ ನೇಯುವ ಮನೆತನಗಳು ತಮ್ಮ ಹಿರಿಯರು ಬಿಜಾಪುರದಿಂದ ಬಂದವರೆಂದು ಹೇಳುತ್ತವೆ. ಅಂಥ ಮನೆಗಳ ಮಕ್ಕಳಿಗೆ ಈ ಚಿತ್ರಗಳನ್ನು ತೋರಿಸಲೇಬೇಕು, ಯಾರು ಬರೆದದ್ದು ಎಂಬುದನ್ನೂ ಹೇಳಿ.

ತಮಗೆ ಇಂಥ ಹಾಳೆ ಸಿಕ್ಕರೆ ಕೆಳ ಅಂಚನ್ನು ನೋಡಿರಿ. ಸಾಮಾನ್ಯವಾಗಿ ಎಡಕ್ಕೆ ಚಿತ್ರಕಾರನ ಹೆಸರು, ಬಲಕ್ಕೆ ಕೆತ್ತಿದವನ ಹೆಸರು ಇರುತ್ತದೆ. ಶಾಲೆಯ ಭೂತಗನ್ನಡಿ ಹಿಡಿದರೆ ಕೆತ್ತನೆಯಲ್ಲಿ ಗೆರೆಗಳು ಕಾಣುತ್ತವೆ, ಈಗಿನ ನಕಲಿನಲ್ಲಿ ಬರೀ ಚುಕ್ಕಿಗಳು. ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿರಿ.