ಕಿರ್ಕ್, ಗೇಟ್, ಯಾನ್: ಉತ್ತರ ಬ್ರಿಟನ್ನಿನ ಹಳೆಯ ಮಾತುಗಳು ಬಂದ ದಾರಿ

ಸ್ಕಾಟ್ಲೆಂಡಿನ ಫಾರ್ಫರ್ ಊರಿನ ಪಾದ್ರಿ ಜಾನ್ ಜೇಮಿಸನ್ ತಮ್ಮ ಸುತ್ತಲಿನ ಜನ ಆಡುವ ಸ್ಕಾಟ್ಸ್ ನುಡಿಯನ್ನು ಮೊದಮೊದಲು ಕೆಟ್ಟುಹೋದ ಇಂಗ್ಲಿಷ್ ಎಂದೇ ತಿಳಿದಿದ್ದರು. 18ನೇ ಶತಮಾನದ ಕೊನೆಯ ಭಾಗದಲ್ಲಿ ಅಲ್ಲಿಗೆ ಬಂದ ಐಸ್‌ಲೆಂಡಿನ ವಿದ್ವಾಂಸ ಗ್ರಿಮುರ್ ಥಾರ್ಕೆಲಿನ್ ಅದನ್ನು ಒಪ್ಪಲಿಲ್ಲ. ತಮ್ಮ ನಾಡಿನ ಎಷ್ಟೋ ಪದಗಳು ಈ ಸೀಮೆಯ ಆಡುಮಾತಿನಲ್ಲಿ ಜೀವಂತವಾಗಿವೆ ಎಂದು ತೋರಿಸಿಕೊಟ್ಟರು. ಜೇಮಿಸನ್ ಅಂದಿನಿಂದ ಪದ ಕೂಡಿಹಾಕತೊಡಗಿದರು. 1808ರಲ್ಲಿ ಅವರ ವ್ಯುತ್ಪತ್ತಿ ನಿಘಂಟು ಎರಡು ಸಂಪುಟಗಳಲ್ಲಿ ಎಡಿನ್‌ಬರೊದಿಂದ ಹೊರಬಂತು.

ನಿಘಂಟು ಉಳಿಯಿತು, ಅದಕ್ಕೆ ಅವರು ಬರೆದ ಸಿದ್ಧಾಂತ ಉಳಿಯಲಿಲ್ಲ. ಪ್ರಾಚೀನ ಪಿಕ್ಟರು ಸ್ಕಾಂಡಿನೇವಿಯಾ ಕಡೆಯಿಂದ ಬಂದ ಗಾಥ್ ಕುಲದವರು, ಸ್ಕಾಟ್ಸ್ ಅವರ ನುಡಿಯಿಂದಲೇ ಬೆಳೆದದ್ದು ಎಂಬುದು ಜೇಮಿಸನ್ನರ ವಾದ. ಪಿಕ್ಟರದು ಕೆಲ್ಟಿಕ್ ನುಡಿ ಎಂಬುದನ್ನು ಸ್ಥಳನಾಮಗಳ ಅಧ್ಯಯನ ತೋರಿಸಿದೆ. ಹೋಲಿಕೆ ಕಂಡದ್ದರಲ್ಲಿ ಜೇಮಿಸನ್ ತಪ್ಪಿರಲಿಲ್ಲ. ಪದ ಯಾವ ದಾರಿಯಲ್ಲಿ ಬಂತು ಎಂಬುದನ್ನು ಗುರುತಿಸುವಲ್ಲಿ ತಪ್ಪಿದರು. ಈ ಪ್ರದೇಶದ ಪದಮೂಲಗಳ ಚರ್ಚೆಯಲ್ಲಿ ಇವೆರಡನ್ನೂ ಬೇರೆಬೇರೆಯಾಗಿಯೇ ಪರೀಕ್ಷಿಸಬೇಕಾಗುತ್ತದೆ.

ಸ್ಕಾಟ್ಸ್‌ಗೂ ಯಾರ್ಕ್‌ಷೈರ್, ಡರಮ್, ಕಂಬ್ರಿಯಾ ಕಡೆಯ ಆಡುಮಾತುಗಳಿಗೂ ತಳಹದಿ ಒಂದೇ. 7ನೇ ಶತಮಾನದಲ್ಲಿ ಆಂಗ್ಲರ ನಾರ್ತಂಬ್ರಿಯಾ ರಾಜ್ಯ ಹಂಬರ್ ನದಿಯಿಂದ ಫೋರ್ತ್ ಅಳಿವೆಯವರೆಗೆ ಹಬ್ಬಿತ್ತು; ಇಂದಿನ ಗಡಿ ಆಗ ಇರಲೇ ಇಲ್ಲ. ಡಂಫ್ರೀಸ್ ಸೀಮೆಯ ರತ್ವೆಲ್ ಶಿಲುಬೆಯ ಮೇಲಿನ ರೂನ್ ಲಿಪಿಯ ಸಾಲುಗಳೂ, 10ನೇ ಶತಮಾನದಲ್ಲಿ ಆಲ್ಡ್ರೆಡ್ ಎಂಬ ಪಾದ್ರಿ ಲಿಂಡಿಸ್ಫಾರ್ನ್ ಸುವಾರ್ತೆಗಳ ಲ್ಯಾಟಿನ್ ಸಾಲುಗಳ ನಡುವೆ ಬರೆದ ಅರ್ಥವೂ ಇದೇ ನಾರ್ತಂಬ್ರಿಯನ್ ನುಡಿಯವು. ಸಹಿಸುವುದಕ್ಕೆ ಥೋಲ್, ಅಳುವುದಕ್ಕೆ ಗ್ರೀಟ್, ತೊರೆಗೆ ಬರ್ನ್ ಎನ್ನುವ ಮಾತುಗಳು ಈ ತಳದಿಂದ ಬಂದವು. ಹೇಮ್, ಸ್ಟೇನ್ ಎಂಬ ರೂಪಗಳೂ ಹಾಗೆಯೇ. ಹಳೆಯ ಇಂಗ್ಲಿಷಿನ ಹಾಮ್, ಸ್ಟಾನ್ ಪದಗಳ ದೀರ್ಘ ಆಕಾರ ತೆಂಕಣದಲ್ಲಿ ಓಕಾರದತ್ತ ಹೊರಳಿ ಹೋಮ್, ಸ್ಟೋನ್ ಆಯಿತು. ಬಡಗಣದಲ್ಲಿ ಅದು ಏಕಾರದ ಕಡೆಗೆ ಸಾಗಿತು. ಇವು ಕೆಟ್ಟ ಇಂಗ್ಲಿಷ್ ಅಲ್ಲ, ಒಂದೇ ಮೂಲದ ಇನ್ನೊಂದು ಕವಲು.

ಈ ತಳದ ಮೇಲೆ ಸ್ಕಾಂಡಿನೇವಿಯಾದಿಂದ ಬಂದವರ ನಾರ್ಸ್ ನುಡಿಯ ಪದರ ಕೂತಿತು. ಡೇನರು 866ರಲ್ಲಿ ಯಾರ್ಕ್ ಹಿಡಿದರು. 876ರಲ್ಲಿ ಅವರ ನಾಯಕ ಹಾಫ್‌ಡಾನ್ ನಾರ್ತಂಬ್ರಿಯಾದ ನೆಲವನ್ನು ತನ್ನವರಿಗೆ ಹಂಚಿದ, ಅವರು ಉಳಲು ತೊಡಗಿದರು ಎಂದು ಆಂಗ್ಲೋ-ಸ್ಯಾಕ್ಸನ್ ವೃತ್ತಾಂತ ದಾಖಲಿಸುತ್ತದೆ. ಕೊಳ್ಳೆ ಹೊಡೆದು ಹೋಗುವವರ ಮಾತು ನೆಲದಲ್ಲಿ ಉಳಿಯುವುದು ಕಡಿಮೆ; ಪಕ್ಕದ ಹೊಲದಲ್ಲಿ ಉಳುವವರ ಮಾತು ಮನೆಯೊಳಕ್ಕೇ ಬರುತ್ತದೆ.

ನಾರ್ಸ್ ಪದವನ್ನು ಗುರುತಿಸಲು ಹೆಚ್ಚಾಗಿ ಬಳಸುವ ಒರೆಗಲ್ಲು ಕಕಾರ. ಹಳೆಯ ಇಂಗ್ಲಿಷಿನಲ್ಲಿ ಇ, ಎ ಸ್ವರಗಳ ಪಕ್ಕದ ಕಕಾರ ಚಕಾರವಾಯಿತು, ನಾರ್ಸ್‌ನಲ್ಲಿ ಹಾಗಾಗಲಿಲ್ಲ. ಕಿವಿ, ಕೆರೆ ಎನ್ನುವ ಕನ್ನಡಿಗರಿಗೆ ತೆಲುಗಿನ ಚೆವಿ, ಚೆರುವು ಗೊತ್ತಿರುವುದರಿಂದ ಈ ತಾಲವ್ಯೀಕರಣ ಹೊಸದೇನಲ್ಲ. ದಕ್ಷಿಣದಲ್ಲಿ ಚರ್ಚ್, ಚೆಸ್ಟ್ ಎಂದರೆ ಉತ್ತರದಲ್ಲಿ ಕಿರ್ಕ್, ಕಿಸ್ಟ್. ಬ್ರಿಜ್‌ಗೆ ಬ್ರಿಗ್ ಎಂಬಲ್ಲಿ ಜಕಾರ-ಗಕಾರಗಳದೂ ಇದೇ ಕತೆ. ಆದರೆ ಈ ಒರೆಗಲ್ಲನ್ನು ಪೂರ್ತಿ ನಂಬುವಂತಿಲ್ಲ. ನಾರ್ಸ್‌ನ ಕಿರ್ಕ್ಯ ಪದವೇ ಹಳೆಯ ಇಂಗ್ಲಿಷಿನಿಂದ ಹೋದದ್ದು ಎಂಬ ಅಭಿಪ್ರಾಯ ಬಲವಾಗಿದೆ. ಜತೆಗೆ, ನೆರೆಯವರ ಉಚ್ಚಾರ ಕೇಳುತ್ತ ಬಂದ ಇಂಗ್ಲಿಷರು ತಮ್ಮದೇ ಪದದ ಚಕಾರವನ್ನು ಕಕಾರ ಮಾಡಿಕೊಂಡಿರಲೂಬಹುದು. ಮಗುವಿಗೆ ಹೇಳುವ ಬೇರ್ನ್ ಇನ್ನೂ ತೊಡಕಿನದು: ಹಳೆಯ ಇಂಗ್ಲಿಷಿನಲ್ಲಿ ಬೆಅರ್ನ್, ನಾರ್ಸ್‌ನಲ್ಲಿ ಬಾರ್ನ್. ಎರಡೂ ಒಂದನ್ನೊಂದು ಪೋಷಿಸಿದವು ಎನ್ನುವುದೇ ಪ್ರಾಮಾಣಿಕ ಉತ್ತರ. ಮನೆ ಬದಲಿಸುವುದಕ್ಕೆ ಫ್ಲಿಟ್, ಮುಷ್ಟಿಗೆ ನೀವ್, ಜ್ವಾಲೆಗೆ ಲೌ ಎನ್ನುವಲ್ಲಿ ಇಂಥ ಗೊಂದಲವಿಲ್ಲ. ಇವು ನಾರ್ಸ್‌ನ ಫ್ಲಿತ್ಯ, ಹ್ನೆಫಿ, ಲೋಗಿ. ಆಟಕ್ಕೆ ಯಾರ್ಕ್‌ಷೈರಿನವರು ಹೇಳುವ ಲೇಕ್ ಕೂಡ ನಾರ್ಸ್‌ನ ಲೇಕದಿಂದ ಬಂದದ್ದು. ಗಿರಣಿ ಊರುಗಳಲ್ಲಿ ಕೆಲಸವಿಲ್ಲದೆ ಮನೆಯಲ್ಲಿರುವುದಕ್ಕೂ ಅದೇ ಮಾತು. ಆರು ಸಂಪುಟಗಳ ಇಂಗ್ಲಿಷ್ ಉಪಭಾಷಾ ನಿಘಂಟನ್ನು 1898ರಿಂದ 1905ರವರೆಗೆ ಹೊರತಂದ ಜೋಸೆಫ್ ರೈಟ್ ಬ್ರ್ಯಾಡ್‌ಫರ್ಡ್ ಬಳಿ ಗಿರಣಿ ಹುಡುಗನಾಗಿ ದುಡಿದವರು. ಹದಿಹರೆಯದವರೆಗೆ ಓದುಬರಹ ತಿಳಿಯದ ಅವರ ಕಿವಿಗೆ ಈ ನುಡಿ ಪುಸ್ತಕದಿಂದ ಬಂದದ್ದಲ್ಲ.

ದಾರಿಯ ಪ್ರಶ್ನೆಗೆ ಒಳ್ಳೆಯ ಉತ್ತರ ಬೀದಿಗಳ ಹೆಸರಿನಲ್ಲಿದೆ. ನಾರ್ಸ್‌ನಲ್ಲಿ ಗಾತ ಎಂದರೆ ಬೀದಿ. ಯಾರ್ಕಿನ ಕಾಪರ್‌ಗೇಟ್ ಹೆಸರಿಗೆ ಬಾಗಿಲಿನ ಸಂಬಂಧವೂ ಇಲ್ಲ, ತಾಮ್ರದ ಸಂಬಂಧವೂ ಇಲ್ಲ. ಅದು ಮರದ ಬಟ್ಟಲು ಕಡೆಯುವವರ ಬೀದಿ. 1976ರಿಂದ 1981ರವರೆಗೆ ಅಲ್ಲಿ ನಡೆದ ಉತ್ಖನನದಲ್ಲಿ ವೈಕಿಂಗ್ ಕಾಲದ ಕಡೆದ ಬಟ್ಟಲುಗಳೂ, ಕಡೆಯುವಾಗ ನಡುವಿನಿಂದ ಮುರಿದು ಬಿದ್ದ ಮರದ ತಿರುಳುಗಳೂ ಸಿಕ್ಕವು. ಪದದ ವ್ಯುತ್ಪತ್ತಿಗೆ ಮಣ್ಣಿನಡಿಯಿಂದ ಇಷ್ಟು ನೇರ ಪುರಾವೆ ದೊರೆಯುವುದು ಅಪರೂಪ.

ಇದೇ ಗೇಟ್ ಎಡಿನ್‌ಬರೊದ ಕೌಗೇಟ್, ಕ್ಯಾನನ್‌ಗೇಟ್‌ಗಳಲ್ಲೂ ಗ್ಲಾಸ್ಗೊದ ಟ್ರಾನ್‌ಗೇಟ್‌ನಲ್ಲೂ ಇದೆ. ಎಡಿನ್‌ಬರೊ ಸುತ್ತ ನಾರ್ಸ್ ಜನ ಯಾರ್ಕ್‌ಷೈರಿನಂತೆ ದಟ್ಟವಾಗಿ ನೆಲೆಸಿದ ಕುರುಹಿಲ್ಲ; ಯಾರ್ಕ್‌ಷೈರ್, ಕಂಬ್ರಿಯಾಗಳಲ್ಲಿ ಹೆಜ್ಜೆಗೊಂದು ಸಿಗುವ 'ಬಿ', 'ಥ್ವೇಟ್' ಕೊನೆಯ ಊರ ಹೆಸರುಗಳು ಅಲ್ಲಿ ವಿರಳ. ಹಾಗಿದ್ದರೆ ಈ ಪದ ಬಂದದ್ದು ಹಡಗಿನಲ್ಲಲ್ಲ, ಕಾಲ್ನಡಿಗೆಯಲ್ಲಿ. 1124ರಿಂದ 1153ರವರೆಗೆ ಆಳಿದ ಮೊದಲನೇ ಡೇವಿಡ್ ಸ್ಕಾಟ್ಲೆಂಡಿನಲ್ಲಿ ಬರೋ ಎಂಬ ಸನದು ಪಡೆದ ಪೇಟೆಗಳನ್ನು ಸ್ಥಾಪಿಸಿದ. ಅಲ್ಲಿ ಬಂದು ನೆಲೆಸಿದ ವ್ಯಾಪಾರಿಗಳು, ಕುಶಲಕರ್ಮಿಗಳಲ್ಲಿ ಹಲವರು ಉತ್ತರ ಇಂಗ್ಲೆಂಡಿನವರು. ಅವರ ಇಂಗ್ಲಿಷಿನಲ್ಲಿ ನಾರ್ಸ್ ಆಗಲೇ ಬೆರೆತು ಹೋಗಿತ್ತು. ಎಲ್ಲ ಪದವೂ ಗಡಿ ದಾಟಲಿಲ್ಲ ಎಂಬುದೂ ಗಮನಾರ್ಹ: ತೊರೆಗೆ ಯಾರ್ಕ್‌ಷೈರಿನಲ್ಲಿ ನಾರ್ಸ್‌ನ ಬೆಕ್ ನಿಂತರೆ, ಸ್ಕಾಟ್ಲೆಂಡಿನಲ್ಲಿ ಹಳೆಯ ಬರ್ನ್ ಹಾಗೇ ಉಳಿಯಿತು.

ನಾರ್ಸ್ ನೇರವಾಗಿ ಬಂದಿಳಿದ ನೆಲವೂ ಇದೆ, ಅದು ಆರ್ಕ್ನಿ, ಶೆಟ್ಲೆಂಡ್ ದ್ವೀಪಗಳು. 1468-69ರಲ್ಲಿ ಸ್ಕಾಟ್ಲೆಂಡಿಗೆ ಒತ್ತೆಯಾಗಿ ಬರುವವರೆಗೆ ಅವು ನಾರ್ವೆಗೆ ಸೇರಿದ್ದವು; ಅಲ್ಲಿನ ಜನರ ನುಡಿ ನಾರ್ನ್. ಆ ನುಡಿ ಅಳಿದ ಮೇಲೆ 1893-95ರಲ್ಲಿ ಶೆಟ್ಲೆಂಡ್ ಸುತ್ತಿದ ಫ್ಯಾರೋ ದ್ವೀಪದ ಯಾಕೊಬ್ ಯಾಕೊಬ್ಸನ್ ಜನರ ಬಾಯಲ್ಲಿ ಉಳಿದಿದ್ದ ಸುಮಾರು 10,000 ನಾರ್ನ್ ಮೂಲದ ಪದಗಳನ್ನು ಕಲೆಹಾಕಿದರು. ಶೆಟ್ಲೆಂಡಿನ ನಾರ್ಸ್ ಪದಕ್ಕೂ ಎಡಿನ್‌ಬರೊದ ನಾರ್ಸ್ ಪದಕ್ಕೂ ಒಂದೇ ಚರಿತ್ರೆ ಬರೆದರೆ ಎರಡೂ ಕೆಡುತ್ತವೆ.

ಉಳಿದ ಮೂಲಗಳು ಇಷ್ಟು ಆಳದವಲ್ಲ. ದೊಡ್ಡ ತಟ್ಟೆಗೆ ಆಶೆಟ್, ತಲೆಕೆಡಿಸಿಕೊಳ್ಳುವುದಕ್ಕೆ ಫ್ಯಾಶ್ ಎನ್ನುವುದು ಫ್ರೆಂಚಿನಿಂದ. ಕಿರುಬೆರಳಿನ ಪಿಂಕಿ ಡಚ್ಚರಿಂದ. ಗೇಲಿಕ್ ಕೊಟ್ಟವುಗಳಲ್ಲಿ ಲಾಕ್, ಗ್ಲೆನ್, ಕೇರ್ನ್‌ನಂಥ ನೆಲದ ಹೆಸರುಗಳು ಎದ್ದು ಕಾಣುತ್ತವೆ.

ಕೆಲ್ಟಿಕ್ ಎಂದೊಡನೆ ಮುಂದಿಡುವ ಸಾಕ್ಷಿ ಕುರಿಗಾಹಿಗಳ ಎಣಿಕೆ: ಯಾನ್, ತ್ಯಾನ್, ಟೆಥೆರ, ಮೆಥೆರ, ಪಿಂಪ್. ಹತ್ತಕ್ಕೆ ಡಿಕ್, ಹದಿನೈದಕ್ಕೆ ಬಮ್‌ಫಿಟ್. ವೆಲ್ಷ್‌ನಲ್ಲಿ ಐದು ಪಿಂಪ್, ಹತ್ತು ದೇಗ್, ಹದಿನೈದು ಪಂಥೆಗ್. ಹದಿನಾರನ್ನು 'ಹದಿನೈದರ ಮೇಲೊಂದು' ಎಂದು ಹೇಳುವ ಕ್ರಮವೂ ಎರಡರಲ್ಲಿ ಒಂದೇ. ಆದ್ದರಿಂದ ಇದು ಆಂಗ್ಲರಿಗಿಂತ ಮುಂಚೆ ಇಲ್ಲಿದ್ದ ಕಂಬ್ರಿಕ್ ನುಡಿಯ ಉಳಿಕೆ ಎಂಬ ಮಾತು ಜನಪ್ರಿಯವಾಯಿತು. ಕಂಬ್ರಿಕ್ 12ನೇ ಶತಮಾನದ ಸುಮಾರಿಗೆ ಅಳಿದಿತ್ತು. ಎಣಿಕೆಯ ದಾಖಲೆಗಳಾದರೋ 18ನೇ ಶತಮಾನದಿಂದ ಈಚಿನವು. ನಡುವಿನ ಆರುನೂರು ವರ್ಷಗಳನ್ನು ಹೋಲಿಕೆಯೊಂದರಿಂದ ತುಂಬಲಾಗದು. ವೇಲ್ಸ್‌ನಿಂದ ಆಮೇಲೆ ಬಂದಿರುವ ಸಾಧ್ಯತೆಯೂ ಇದೆ. ಸಾಲಿನ ಮೊದಲ ಪದ ಯಾನ್ ಅಂತೂ ಕೆಲ್ಟಿಕ್ಕಿಗೆ ಸೇರಬೇಕಾಗಿಲ್ಲ: ಕಂಬ್ರಿಯಾದಲ್ಲಿ 'ಒಂದು' ಎನ್ನಲು ದಿನನಿತ್ಯ ಬಳಸುವ ಯಾನ್ ಹಳೆಯ ಇಂಗ್ಲಿಷಿನ ಆನ್‌ನಿಂದಲೇ ಬಂದದ್ದು. ಕಂಬ್ರಿಕ್‌ಗೆ ಗಟ್ಟಿ ಸಾಕ್ಷಿ ಊರ ಹೆಸರುಗಳಲ್ಲಿದೆ. ಕಾರ್ಲೈಲ್‌ನ ಮೊದಲ ಭಾಗ ಕೋಟೆ ಎಂಬರ್ಥದ ಕೆಲ್ಟಿಕ್ ಪದ. ಎಡಿನ್‌ಬರೊದ ದಕ್ಷಿಣಕ್ಕಿರುವ ಪೆನಿಕುಕ್ ಎಂದರೆ ಕೋಗಿಲೆ ಗುಡ್ಡ.