ಮಾಳಿಗೆ ಮೇಲಿನ ಕರಲು ಮಣ್ಣು

ದೊಡ್ಡೇರಿಯ ನಮ್ಮ ಅಜ್ಜಿ ಮನೆ ಮಾಳಿಗೆ ಕೆಡವಿ ಆರ್‌ಸಿಸಿ ಹಾಕಿಸೋಣ ಅಂತ ಮನೇಲಿ ಮಾತು ನಡೀತಿದೆ. ಅದಕ್ಕೇ ಇವತ್ತು ಮಾಳಿಗೆ ಚರಿತ್ರೆ.

ಮಧುಗಿರಿ, ಶಿರಾ, ಪಾವಗಡದ ಕಡೆ ಮಳೆ ಕಡಿಮೆ. ಹಾಗಾಗಿ ಚಪ್ಪಟೆ ಮಣ್ಣಿನ ಮಾಳಿಗೆ ಇಲ್ಲಿ ನಡೆಯುತ್ತಿತ್ತು. ತೊಲೆ, ಅದರ ಮೇಲೆ ಜಂತೆ, ಸೊಪ್ಪುಸದೆ, ಮಣ್ಣು; ಎಲ್ಲಕ್ಕಿಂತ ಮೇಲೆ ಕರಲು ಮಣ್ಣು. ಬೆಳೆ ಸರಿಯಾಗಿ ಬಾರದ ಚೌಳು ನೆಲದ ಮಣ್ಣದು. ಅದರಲ್ಲಿ ಸೋಡಿಯಂ ಜಾಸ್ತಿ. ನೀರು ಬಿದ್ದರೆ ಜೇಡಿಕಣಗಳು ಬಿಡಿಬಿಡಿಯಾಗಿ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ. ಹೊಲಕ್ಕೆ ಬೇಡವಾದದ್ದೇ ಸೂರಿಗೆ ವಾಟರ್‌ಪ್ರೂಫಿಂಗ್!

ಮತ್ತೆ ಯಾಕೆ ಬಿಟ್ವಿ? ಅಜ್ಜಿ ಕೇಳಿದ್ದು ಒಂದೇ: “ಮಳೆಗಾಲಕ್ಕೆ ಮುಂಚೆ ವರ್ಷವರ್ಷ ಮಣ್ಣು ಹೊರೋರು ಯಾರಪ್ಪ?” ನಾನು ಬಿ.ಕಾಂ. ಓದಿದವನು, ನನ್ನ ಲೆಕ್ಕದಲ್ಲಿ ಆ ದುಡಿಮೆ ಬಂದೇ ಇರಲಿಲ್ಲ.

ಮಣ್ಣಿನ ಮನೆಯನ್ನ ವಿಜ್ಞಾನಿಗಳು ಮರೆತಿರಲಿಲ್ಲ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಮುಂದಾಳತ್ವದಲ್ಲಿ ‘ಅಸ್ತ್ರ’ ಶುರುವಾಯ್ತು. ಹಳ್ಳಿಗೆ ಹೊಂದುವ ತಂತ್ರಜ್ಞಾನ ಅದರ ಕೆಲಸ. ನಮ್ಮ ಜಿಲ್ಲೆಯದೇ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ವಿಸ್ತರಣಾ ಕೇಂದ್ರ ಇತ್ತು. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ ಇಟ್ಟಿಗೆ ಮಾಡೋದನ್ನ ಬೆಳೆಸಿದರು. ಸುಡೋದು ಬೇಡ, ಸೌದೆ ಬೇಡ.

ಕುಸಿದಿರುವ ಹಿತ್ತಲ ಗೋಡೆಗೆ ಇದೇ ಇಟ್ಟಿಗೆ ಅಂತ ಮನೆಯವರನ್ನ ಒಪ್ಪಿಸಿದ್ದೀನಿ. ಮಾಳಿಗೆಗೆ ಒಂದು ವರ್ಷದ ಗಡುವು ಸಿಕ್ಕಿದೆ. ಈ ಸಲ ಮಣ್ಣು ನಾನೇ ಹೊತ್ತೆ. ಹತ್ತನೇ ಮಂಕ್ರಿಗೆ ಸೊಂಟ ಹಿಡೀತು, ಅಜ್ಜಿ ಜಗಲಿ ಮೇಲೆ ಕೂತು ನಗ್ತಾ ಇದ್ರು.