ಸಾಗ್ನೇ ನದಿಯ ಮಕ್ಕಳೂ ಪರಮಾಣುವಿನ ತಕ್ಕಡಿಯೂ

ಮಗುವಿಗೆ ನೆಗಡಿಯಾದರೆ ನಾವು ಏನು ಮಾಡುತ್ತೇವೆ? ಎದೆಗೆ ಬಿಸಿ ಎಣ್ಣೆ ತಿಕ್ಕಿ, ತಲೆಗೆ ಕುಲಾವಿ ಕಟ್ಟಿ, ಎರಡು ದಿನ ತಣ್ಣೀರಿಗೆ ಬಿಡದೆ ಕಾಯುತ್ತೇವೆ. ಮೂರನೆಯ ದಿನ ಮಗು ಮತ್ತೆ ಅಂಗಳದಲ್ಲಿರುತ್ತದೆ. ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ ಸಾಗ್ನೇ ಎಂಬುದೊಂದು ನದಿ. ಅದರ ದಡದ ಊರುಗಳಲ್ಲಿ ಕೆಲವು ಮನೆಗಳಿಗೆ ಈ ನೆಮ್ಮದಿ ಇರಲಿಲ್ಲ. ಅಲ್ಲಿ ಕೆಲವು ಮಕ್ಕಳಿಗೆ ಸಣ್ಣ ಜ್ವರ ಬಂದರೂ ಸಾಕು, ಮೇಲುಸಿರು ಹತ್ತಿ, ರಕ್ತ ಹುಳಿಯಾಗಿ, ಪ್ರಜ್ಞೆ ತಪ್ಪುತ್ತಿತ್ತು. ಹುಳಿಯೆಂದದ್ದು ಮಾತಿನ ಅಲಂಕಾರವಲ್ಲ. ಮೊಸರಿಗೆ ಹುಳಿ ಕೊಡುವ ಲ್ಯಾಕ್ಟಿಕ್ ಆಮ್ಲವೇ ಆ ಮಕ್ಕಳ ರಕ್ತದಲ್ಲಿ ಮಿತಿಮೀರಿ ತುಂಬುತ್ತಿತ್ತು. ಮೂರು ವರ್ಷ ತುಂಬುವುದರೊಳಗೇ ತೀರಿಹೋದ ಮಕ್ಕಳು ಎಷ್ಟೋ.

ಈ ರೋಗದ ಬುಡ ಸಿಕ್ಕಿದ್ದು 2003ರಲ್ಲಿ. ಸಿಕ್ಕ ಬಗೆಯನ್ನು ತಿಳಿಯಬೇಕಾದರೆ ಮೊದಲು ಆ ಊರುಗಳು ಹುಟ್ಟಿದ ಕತೆಯನ್ನು ಕೇಳಬೇಕು.

ಹದಿನೇಳನೆಯ ಮತ್ತು ಹದಿನೆಂಟನೆಯ ಶತಮಾನಗಳಲ್ಲಿ ಫ್ರಾನ್ಸಿನಿಂದ ಹಡಗು ಹತ್ತಿ ಸೇಂಟ್ ಲಾರೆನ್ಸ್ ನದಿಯ ದಡಕ್ಕೆ ಬಂದು ನೆಲಸಿದವರು ಕೆಲವೇ ಸಾವಿರ ಮಂದಿ. ಅವರ ಪೀಳಿಗೆಯ ಒಂದು ಕವಲು ಷಾರ್ಲ್ವ್ವಾ ಎಂಬ ಗುಡ್ಡಗಾಡಿಗೆ ಸರಿಯಿತು. ಅಲ್ಲಿಂದ 1838ರಲ್ಲಿ, ಇಪ್ಪತ್ತೊಂದು ಜನ ಪಾಲುದಾರರು ಕೂಡಿ ಕಟ್ಟಿದ ಸಂಘವೊಂದರ ಕಡೆಯವರು, ಪೈನ್ ಮರ ಕಡಿಯುವುದಕ್ಕೆಂದು ಸಾಗ್ನೇ ನದಿಯ ಗ್ರಾಂದ್ ಬೇ ಎಂಬ ಕೊಲ್ಲಿಗೆ ಬಂದಿಳಿದರು. ಕೊಡಲಿಯ ಹಿಂದೆ ನೇಗಿಲು ಬಂತು, ನೇಗಿಲಿನ ಹಿಂದೆ ಸಂಸಾರ. ಮನೆಗೆ ಹತ್ತು ಹನ್ನೆರಡು ಮಕ್ಕಳು. ಹೊರಗಿನಿಂದ ಬಂದು ಸೇರುವವರು ಕಡಿಮೆ. ಹೀಗೆ ಮೊದಲು ಬಂದ ಕೆಲವರ ರಕ್ತವೇ ಇಡೀ ಸೀಮೆಗೆ ಹಬ್ಬಿತು. ಆ ಕೆಲವರಲ್ಲಿ ಯಾರೋ ಒಬ್ಬರ ಮೈಯಲ್ಲಿ ಒಂದು ದೋಷ ಅಡಗಿದ್ದಿದ್ದರೆ ಅದೂ ಹಬ್ಬಿತು.

ಸಂಬಂಧದೊಳಗೆ ಹೆಣ್ಣು ತರುವುದನ್ನು ಕಂಡಿರುವ ನಾವು ಇದನ್ನು ಕೇಳಿದೊಡನೆ ಒಂದು ತೀರ್ಮಾನಕ್ಕೆ ಹಾರುತ್ತೇವೆ: ಸೋದರಿಕೆಯ ಮದುವೆಗಳ ಫಲವಿರಬೇಕು ಎಂದು. ಹಾಗಲ್ಲ. ಸಾಗ್ನೇ ಜನ ಹತ್ತಿರದ ನಂಟರನ್ನು ಬೇರೆಯವರಿಗಿಂತ ಹೆಚ್ಚಾಗಿ ಮದುವೆಯಾದವರಲ್ಲ. ಮೂಲಪುರುಷರೇ ಕೆಲವರಾದ್ದರಿಂದ, ಗುರುತೇ ಇಲ್ಲದ ಇಬ್ಬರು ಮದುವೆಯಾದರೂ ಆರೇಳು ತಲೆಮಾರು ಹಿಂದೆ ಹೋದರೆ ಒಂದೇ ಹೊಸ್ತಿಲಿಗೆ ಬರುತ್ತಿದ್ದರು. ಇದನ್ನು ಊಹೆಯಿಂದ ಹೇಳುವುದಲ್ಲ. ಅಲ್ಲಿನ ಇಗರ್ಜಿಗಳ ಪಾದ್ರಿಗಳು ಪ್ರತಿಯೊಂದು ಹುಟ್ಟು, ಮದುವೆ, ಸಾವನ್ನು ಕಡತದಲ್ಲಿ ಬರೆದಿಟ್ಟಿದ್ದರು. ಷಿಕುಟಿಮಿ ಊರಿನ ವಿಶ್ವವಿದ್ಯಾಲಯದಲ್ಲಿ ಜೆರಾರ್ ಬುಷಾರ್ ಎಂಬ ಚರಿತ್ರಕಾರರು 1972ರಿಂದ ಆ ಕಡತಗಳನ್ನೆಲ್ಲ ಗಣಕಯಂತ್ರಕ್ಕೆ ಏರಿಸಿ, ಹೆಸರಿಗೆ ಹೆಸರು ಕೂಡಿಸಿ, ಇಡೀ ಸೀಮೆಯ ವಂಶವೃಕ್ಷವನ್ನೇ ನಿಲ್ಲಿಸಿದರು. ಚರಿತ್ರೆಯಿಂದ ಏನು ಉಪಯೋಗ ಎಂದು ಕೇಳುವವರಿಗೆ ನಾನು ಈ ಕಡತಗಳನ್ನು ತೋರಿಸುತ್ತೇನೆ.

1993ರಲ್ಲಿ ವೈದ್ಯರು ಲೆಕ್ಕ ಹಾಕಿದರು. ಸಾಗ್ನೇ ಸೀಮೆಯಲ್ಲಿ ಸುಮಾರು 23 ಮಂದಿಗೆ ಒಬ್ಬರು ಈ ದೋಷವನ್ನು ಹೊತ್ತಿದ್ದಾರೆ. ಹೊತ್ತವರಿಗೆ ಯಾವ ತೊಂದರೆಯೂ ಇಲ್ಲ, ಅವರಲ್ಲಿ ಪ್ರತಿಯೊಂದು ಗುಣಸೂತ್ರಕ್ಕೂ ಇರುವ ಜೋಡಿಯಲ್ಲಿ ಒಂದು ನೆಟ್ಟಗಿರುತ್ತದೆ. ಹೊತ್ತವರಿಬ್ಬರು ಮದುವೆಯಾದಾಗ ಮಾತ್ರ, ಪ್ರತಿ ಸಲ ಬಸಿರಾದಾಗಲೂ, ನಾಲ್ಕರಲ್ಲಿ ಒಂದು ಪಾಲು ಅಪಾಯ. ನೀವೇ ಗುಣಿಸಿ ನೋಡಿ: 23 ಇಂಟು 23 ಇಂಟು 4. ಎರಡು ಸಾವಿರ ಚಿಲ್ಲರೆ ಹೆರಿಗೆಗೆ ಒಂದು ಮಗು. ಆಸ್ಪತ್ರೆಗಳಲ್ಲಿ ಕಂಡ ಲೆಕ್ಕವೂ ಹೆಚ್ಚುಕಡಿಮೆ ಅದೇ.

ಇನ್ನು ರೋಗ ಕೂತಿದ್ದ ಜಾಗ. ನಮ್ಮ ಮೈಯ ಜೀವಕೋಶ ಒಂದು ಮನೆಯಾದರೆ ಅಂಥ ಬಹುತೇಕ ಮನೆಗಳೊಳಗೆ ನೂರಾರು ಸಣ್ಣ ಒಲೆಗಳಿವೆ. ಉಂಡ ಅನ್ನದ ಸಾರವನ್ನು ಆಮ್ಲಜನಕದೊಡನೆ ಉರಿಸಿ ಶಕ್ತಿ ಕೊಡುವ ಒಲೆಗಳು. ಜರ್ಮನಿಯ ರಿಚರ್ಡ್ ಆಲ್ಟ್‌ಮನ್ ಇವನ್ನು 1890ರಲ್ಲಿ ವರ್ಣಿಸಿದರು. 1898ರಲ್ಲಿ ಕಾರ್ಲ್ ಬೆಂಡಾ ನೂಲು, ಕಾಳು ಎಂಬ ಅರ್ಥದ ಎರಡು ಗ್ರೀಕ್ ಮಾತುಗಳನ್ನು ಕೂಡಿಸಿ ಮೈಟೊಕಾಂಡ್ರಿಯ ಎಂದು ಹೆಸರಿಟ್ಟರು. ಒಲೆ ಕೆಟ್ಟರೆ ಮನುಷ್ಯನಿಗೆ ಕಾಯಿಲೆಯಾದೀತೆಂದು ಬಹಳ ಕಾಲ ಯಾರಿಗೂ ಹೊಳೆಯಲಿಲ್ಲ. ಹೊಳೆಯಿಸಿದವಳು ಸ್ವೀಡನ್ನಿನ ಒಬ್ಬ ಹೆಂಗಸು. ಆಕೆಗೆ 35 ವರ್ಷ. ಏಳನೆಯ ವಯಸ್ಸಿನಿಂದ ಮೈಯೆಲ್ಲ ಬೆವರು. ಎಷ್ಟು ಉಂಡರೂ ಮೈ ಹತ್ತದು. ಸ್ಟಾಕ್‌ಹೋಮಿನ ವೈದ್ಯ ರೋಲ್ಫ್ ಲುಫ್ಟ್ ಮತ್ತು ಅವರ ಸಂಗಡಿಗರು ಆಕೆಯ ಸ್ನಾಯುವಿನ ತುಣುಕು ತೆಗೆದು ನೋಡಿದರೆ, ಒಲೆಗಳು ಹಗಲೂ ರಾತ್ರಿ ಸುಮ್ಮನೆ ಉರಿಯುತ್ತಿದ್ದವು, ಮೇಲೆ ಪಾತ್ರೆಯಿಲ್ಲದ ಒಲೆಯ ಹಾಗೆ. 1962ರಲ್ಲಿ ಅಚ್ಚಾದ ಆ ವರದಿಯಿಂದ ಮೈಟೊಕಾಂಡ್ರಿಯದ ರೋಗಗಳ ಚರಿತ್ರೆ ಆರಂಭವಾಗುತ್ತದೆ.

ಸಾಗ್ನೇ ಮಕ್ಕಳದು ಇದಕ್ಕೆ ವಿರುದ್ಧ. ಅವರ ಒಲೆಗೆ ಗಾಳಿಯೇ ಹತ್ತುತ್ತಿರಲಿಲ್ಲ. ಆಮ್ಲಜನಕವನ್ನು ಹಿಡಿದುಕೊಳ್ಳುವ ಸೈಟೊಕ್ರೋಮ್ ಆಕ್ಸಿಡೇಸ್ ಎಂಬ ಕಿಣ್ವ ಪಿತ್ತಕೋಶದ ಪಕ್ಕದ ಯಕೃತ್ತಿನಲ್ಲೂ ಮಿದುಳಿನಲ್ಲೂ ಬಹಳ ಕಡಿಮೆ. ಹೃದಯದಲ್ಲೂ ಮೂತ್ರಪಿಂಡದಲ್ಲೂ ಸರಿಯಾಗಿಯೇ ಇದೆ! ಉರಿಯಲಾರದೆ ಉಳಿದದ್ದು ಹೊಗೆಯಂತೆ ಹುಳಿಯಾಗಿ ರಕ್ತಕ್ಕೆ ಸೇರುತ್ತಿತ್ತು. ಕಿಣ್ವದ ಅಂಗಾಂಗಗಳ ಅನುವಂಶಿಕ ಬರಹವನ್ನು ತಡಕಿದರೆ ಅಲ್ಲಿ ತಪ್ಪಿಲ್ಲ. ಹಾಗಾದರೆ ತಪ್ಪು ಎಲ್ಲಿ? 2001ರ ಹೊತ್ತಿಗೆ, ರೋಗಿಗಳ ಕುಟುಂಬಗಳನ್ನು ಹೋಲಿಸಿ, ಎರಡನೆಯ ಗುಣಸೂತ್ರದ ಒಂದು ಮೂಲೆಯಲ್ಲಿದೆ ಎಂಬಷ್ಟು ಗೊತ್ತಾಯಿತು. ಆ ಮೂಲೆಯಲ್ಲಿ ಹಲವು ಜೀನುಗಳು. ಬೀದಿ ಗೊತ್ತು, ಮನೆ ಗೊತ್ತಿಲ್ಲ.

ಇಲ್ಲಿ ತಕ್ಕಡಿ ಬರುತ್ತದೆ. ಕಣದಲ್ಲಿ ರಾಗಿ ತೂರುವುದನ್ನು ನೀವು ನೋಡಿರಬಹುದು. ಮೊರ ಎತ್ತಿ ಗಾಳಿಗೆ ಬಿಟ್ಟರೆ ಗಟ್ಟಿ ಕಾಳು ಕಾಲ ಬಳಿ ಬೀಳುತ್ತದೆ, ಜೊಳ್ಳು ಸ್ವಲ್ಪ ಆಚೆ, ಹೊಟ್ಟು ಇನ್ನೂ ಆಚೆ. ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರ ಮಾಡುವುದೂ ತೂರುವ ಕೆಲಸವನ್ನೇ. ಅಣುಗಳಿಗೆ ವಿದ್ಯುತ್ತಿನ ಅಂಶ ತುಂಬಿ, ಗಾಳಿ ತೆಗೆದ ಕೊಳವೆಯಲ್ಲಿ ಓಡಿಸಿ, ವಿದ್ಯುತ್ತಿನಿಂದಲೋ ಅಯಸ್ಕಾಂತದಿಂದಲೋ ಎಳೆಯುತ್ತಾರೆ. ಹಗುರವಾದದ್ದು ಹೆಚ್ಚು ವಾಲುತ್ತದೆ, ಭಾರವಾದದ್ದು ಕಡಿಮೆ. ಬಿದ್ದ ಜಾಗದಿಂದ ತೂಕ ತಿಳಿಯುತ್ತದೆ. ಕೇಂಬ್ರಿಜ್ಜಿನ ಜೆ. ಜೆ. ಥಾಮ್ಸನ್ 1912ರಲ್ಲಿ ನಿಯಾನ್ ಅನಿಲವನ್ನು ಹೀಗೆ ತೂರಿದಾಗ ಒಂದರ ಬದಲು ಎರಡು ಗೆರೆ ಕಂಡವು: ತೂಕ 20, ತೂಕ 22. ಅವರ ಶಿಷ್ಯ ಫ್ರಾನ್ಸಿಸ್ ಆಸ್ಟನ್ 1919ರಲ್ಲಿ ಯಂತ್ರವನ್ನು ತಿದ್ದಿ ನಿಲ್ಲಿಸಿ, 1922ರ ನೊಬೆಲ್ ಬಹುಮಾನ ಪಡೆದರು.

ಪರಮಾಣು ಗಟ್ಟಿ, ತೂರಿದರೆ ಒಡೆಯದು. ಪ್ರೋಟೀನು ಹಾಗಲ್ಲ. ಅದನ್ನು ಹಾರಿಸಹೋದರೆ ಹಪ್ಪಳದಂತೆ ಪುಡಿಯಾಗುತ್ತಿತ್ತು. 1980ರ ದಶಕದಲ್ಲಿ ಅಮೆರಿಕದ ಜಾನ್ ಫೆನ್ ಅದನ್ನು ವಿದ್ಯುತ್ ತುಂಬಿದ ತುಂತುರು ಹನಿಗಳಲ್ಲಿ ಹಾರಿಸುವ ಉಪಾಯ ಕಂಡರು. ಜಪಾನಿನ ಕೊಯಿಚಿ ತನಾಕಾ ಲೇಸರ್ ಬೆಳಕಿನಿಂದ ಎಬ್ಬಿಸಿದರು. ಇಬ್ಬರಿಗೂ 2002ರ ನೊಬೆಲ್ ಬಹುಮಾನದಲ್ಲಿ ಪಾಲು ಸಂದಿತು.

ಆ ವೇಳೆಗೆ ಬಾಸ್ಟನ್ ಸೀಮೆಯಲ್ಲಿ ವಂಶಿ ಮೂಥಾ ಎಂಬ ಯುವಕ ವೈದ್ಯರಿದ್ದರು. ಹುಟ್ಟಿದ್ದು ಆಂಧ್ರದ ಕಾಕಿನಾಡದಲ್ಲಿ, ಬೆಳೆದದ್ದು ಟೆಕ್ಸಸ್ಸಿನಲ್ಲಿ, ಕಾಲೇಜಿನಲ್ಲಿ ಓದಿದ್ದು ಗಣಿತ. ಅವರ ಯೋಚನೆಯಲ್ಲಿ ಗಣಿತದವನ ಸರಳತೆ ಇತ್ತೆಂದು ನನಗೆ ತೋರುತ್ತದೆ. ರೋಗ ಒಲೆಯದ್ದು. ಆದ್ದರಿಂದ ತಪ್ಪಿರುವ ಜೀನು ಒಲೆಗೆ ಬೇಕಾದ ಪ್ರೋಟೀನನ್ನು ಮಾಡುವಂಥದೇ ಇರಬೇಕು. ಬೀದಿಯ ಮನೆಗಳ ಪಟ್ಟಿ ಒಂದು ಕೈಯಲ್ಲಿದೆ. ಒಲೆಯೊಳಗಿನ ಸಾಮಾನುಗಳ ಪಟ್ಟಿ ಇನ್ನೊಂದು ಕೈಗೆ ಸಿಕ್ಕಿದರೆ, ಎರಡರಲ್ಲೂ ಇರುವ ಹೆಸರೇ ಅಪರಾಧಿ. ಆ ಎರಡನೆಯ ಪಟ್ಟಿಯನ್ನು ತಕ್ಕಡಿ ಕೊಟ್ಟಿತು. ಮೈಟೊಕಾಂಡ್ರಿಯಗಳನ್ನು ಶುದ್ಧವಾಗಿ ಬೇರ್ಪಡಿಸಿ, ಅವುಗಳ ಪ್ರೋಟೀನುಗಳನ್ನು ತುಂಡುಮಾಡಿ, ಡೆನ್ಮಾರ್ಕಿನ ಮಥಿಯಾಸ್ ಮಾನ್ ಅವರ ಬಳಗದ ನೆರವಿನಿಂದ ತೂಗಿಸಿದರು. ಯಾವ ಜೀನು ಯಾವ ತೂಕದ ತುಂಡುಗಳನ್ನು ಕೊಡಬೇಕೆಂಬುದು ಅದೇ ತಾನೆ ಓದಿ ಮುಗಿಯುತ್ತಿದ್ದ ಜೀನೋಮಿನ ಬರಹದಿಂದ ಗೊತ್ತಾಗುತ್ತಿತ್ತು. ಇದರ ಜೊತೆಗೆ, ಒಲೆಯ ಜೀನುಗಳು ಜೋರಾಗಿರುವ ಅಂಗಗಳಲ್ಲಿ ಮತ್ತೆ ಯಾವ ಜೀನು ಜೋರಾಗಿದೆಯೆಂದೂ ನೋಡಿದರು. ಎಲ್ಲ ಕಡೆಯೂ ಒಂದೇ ಹೆಸರು ಬಂತು: ಎಲ್‌ಆರ್‌ಪಿಪಿಆರ್‌ಸಿ. ಅದುವರೆಗೆ ಅದನ್ನು ಈ ರೋಗದೊಡನೆ ಯಾರೂ ತಳುಕು ಹಾಕಿರಲಿಲ್ಲ.

ರೋಗಿಗಳಲ್ಲಿ ಆ ಜೀನನ್ನು ಓದಿದಾಗ ಸಂಶಯ ತೀರಿತು. ಸುಮಾರು 1,400 ಮಣಿಗಳ ಸರದಂಥ ಪ್ರೋಟೀನು ಅದು. 354ನೆಯ ಮಣಿ ಅಲನೀನ್ ಇರಬೇಕಾದಲ್ಲಿ ವ್ಯಾಲೀನ್ ಕೂತಿತ್ತು. ಒಬ್ಬರನ್ನು ಬಿಟ್ಟು ಉಳಿದೆಲ್ಲ ರೋಗಿಗಳಲ್ಲೂ ತಂದೆಯಿಂದ ಬಂದ ಪ್ರತಿಯಲ್ಲೂ ತಾಯಿಯಿಂದ ಬಂದ ಪ್ರತಿಯಲ್ಲೂ ಅದೇ ತಪ್ಪು. ಆ ಒಬ್ಬರಲ್ಲಿ ಒಂದು ಪ್ರತಿಯಲ್ಲಿ ಈ ತಪ್ಪು, ಇನ್ನೊಂದರಲ್ಲಿ ಬೇರೆ ತಪ್ಪು. ಎರಡು ಮಣಿಗಳ ತೂಕದ ಅಂತರವೆಷ್ಟು ಗೊತ್ತೆ? 28 ಹೈಡ್ರೊಜನ್ ಪರಮಾಣುಗಳಷ್ಟು. ಗುಲಗಂಜಿ ತೂಗುವ ಅಕ್ಕಸಾಲಿಗನಿಗೆ ಹೇಳಿದರೆ ನಕ್ಕಾನು. ಅಷ್ಟಕ್ಕೆ ಮಕ್ಕಳು ಸತ್ತಿದ್ದರು. ಈ ಪ್ರೋಟೀನು ಮೈಟೊಕಾಂಡ್ರಿಯದೊಳಗಿನ ಸಂದೇಶದ ಎಳೆಗಳನ್ನು ಕೆಡದಂತೆ ಕಾಯುತ್ತದೆಂದೂ, ಅದು ಸಾಲದೆ ಹೋದರೆ ಗಾಳಿ ಹಿಡಿಯುವ ಕಿಣ್ವ ಕಟ್ಟುವುದಿಲ್ಲವೆಂದೂ ಮುಂದಿನ ವರ್ಷಗಳಲ್ಲಿ ತಿಳಿಯಿತು. ಮೂಥಾ ಅವರ ಬಳಗ ತೂಗುವುದನ್ನು ನಿಲ್ಲಿಸಲಿಲ್ಲ. 2008ರಲ್ಲಿ ಇಲಿಯ ಹದಿನಾಲ್ಕು ಅಂಗಗಳನ್ನು ಶೋಧಿಸಿ, ಒಲೆಗೆ ಸೇರಿದ 1,098 ಜೀನುಗಳ ಪಟ್ಟಿ ಹೊರತಂದರು.

ಯಂತ್ರವನ್ನು ಹೊಗಳುವಾಗ ಮನುಷ್ಯರನ್ನು ಮರೆಯುವುದು ಸುಲಭ. ಸಾಗ್ನೇ ತಂದೆತಾಯಿಗಳು ತಮ್ಮದೇ ಸಂಘ ಕಟ್ಟಿಕೊಂಡಿದ್ದರು. ಪಿಯೇರ್ ಲಾವ್ವಾ ಎಂಬವರು ಅಲ್ಲಿನ ಓಟಗಾರ, ಸೈಕಲ್ ಸವಾರ. ಅವರೂ ಅವರ ಹೆಂಡತಿಯೂ ಈ ರೋಗಕ್ಕೆ ಇಬ್ಬರು ಮಕ್ಕಳನ್ನು ಒಪ್ಪಿಸಿದವರು. 1999ರಲ್ಲಿ ಲಾವ್ವಾ ತಮ್ಮ ಸೀಮೆಯನ್ನು ಸುತ್ತಿ 24 ಗಂಟೆಯಲ್ಲಿ 650 ಕಿಲೊಮೀಟರ್ ಸೈಕಲ್ ತುಳಿದರು, ಹೆಸರೇ ಗೊತ್ತಿಲ್ಲದ ಕಾಯಿಲೆಯನ್ನು ಜನಕ್ಕೆ ತಿಳಿಸಬೇಕೆಂದು, ಸಂಶೋಧನೆಗೆ ಹಣ ಕೂಡಬೇಕೆಂದು. ಉಳಿದವರು ತಮ್ಮ ರಕ್ತ ಕೊಟ್ಟರು, ಮಕ್ಕಳ ಚರ್ಮದ ಚೂರು ಕೊಟ್ಟರು. ತಕ್ಕಡಿ ಹೇಳಿದ್ದು ನಿಜವೋ ಸುಳ್ಳೋ ಎಂದು ಒರೆಗೆ ಹಚ್ಚಿದ್ದು ಈ ಮನೆಗಳು ಕೊಟ್ಟದ್ದರಿಂದ.

ರೋಗವನ್ನು ವಾಸಿಮಾಡುವ ಮದ್ದು ಇನ್ನೂ ಬಂದಿಲ್ಲ. ಜ್ವರ ಬಂದೊಡನೆ ಆಸ್ಪತ್ರೆಗೆ ಒಯ್ಯುವುದು, ಮೈ ದಣಿಯದಂತೆ, ಹಸಿವು ಕಟ್ಟದಂತೆ ನೋಡಿಕೊಳ್ಳುವುದು, ಇಷ್ಟೇ ಕೈಯಲ್ಲಿರುವುದು. ಆದರೆ 2010ರಲ್ಲಿ ಸಾಗ್ನೇ ಸೀಮೆಯಲ್ಲಿ ಹೊಸದೊಂದು ಏರ್ಪಾಡು ಶುರುವಾಯಿತು. ಮಕ್ಕಳನ್ನು ಬಯಸುವ ಗಂಡಹೆಂಡಿರು ಕೇಳಿಕೊಂಡರೆ, ಈ ದೋಷವನ್ನೂ ಆ ಸೀಮೆಯ ಇನ್ನು ಮೂರು ಅನುವಂಶಿಕ ದೋಷಗಳನ್ನೂ ತಾವು ಹೊತ್ತಿದ್ದೇವೆಯೇ ಎಂದು ಪರೀಕ್ಷೆ ಮಾಡಿಸಿಕೊಳ್ಳಬಹುದು. ಇಬ್ಬರೂ ಹೊತ್ತವರೆಂದು ತಿಳಿದಾಗ ಮುಂದೇನು ಮಾಡಬೇಕೆಂಬುದನ್ನು ಅವರೇ, ತಮ್ಮ ಮನೆಯಲ್ಲಿ ಕೂತು, ನಿರ್ಧರಿಸುತ್ತಾರೆ.